ಯುಗಾದಿ ಬೆಳಗಿನ ತನಕ

ಲ್ಯಾಪ್‌ಟಾಪ್ ಮುಚ್ಚಿದ ಸದ್ದು. ಟಪ್ ಎಂದು, ಅಷ್ಟೆ. ಅರ್ಧರಾತ್ರಿ ದಾಟಿತ್ತು, ಅಮೆರಿಕದ ಆಲ್ಡಿ ಎಂಬ ಊರಿನ ಆ ಮನೆಯಲ್ಲಿ ಹೀಟರ್ ಕೂಡ ಸುಮ್ಮನಾಗಿತ್ತು. ಮೈಥಿಲಿ ಹಾಸಿಗೆಯಲ್ಲಿ ಎದ್ದು ಕೂತಳು. ಸದ್ದು ಬಂದದ್ದು ಮಗ ಯಶವಂತನ ಕೋಣೆಯಿಂದ.

ಅವನು ಆಸೆಪಟ್ಟ ಕಾಲೇಜಿನ ಫಲಿತಾಂಶ ಸಂಜೆಯೇ ಬಂದಿತ್ತು. ತೆರೆದು ನೋಡಲು ಅವಳ ಅತ್ತೆ ಶಾಂತಾಬಾಯಿ ಬಿಟ್ಟಿರಲಿಲ್ಲ.

"ಅಮಾವಾಸ್ಯೆ ದಿನ ಯಾರಾದ್ರೂ ಇಂಥದ್ದು ನೋಡ್ತಾರೇನೋ? ನಾಳೆ ಯುಗಾದಿ. ಬೇವು-ಬೆಲ್ಲ ತಿಂದು ನೋಡೋದ್ರಲ್ಲಿ ನಿಮ್ಮ ಕಾಲೇಜೇನು ಓಡಿಹೋಗತ್ತಾ?"

"ಓಡಿಹೋಗಲ್ಲಮ್ಮ, ಡ್ರೈವ್ ಮಾಡ್ಕೊಂಡು ಹೋಗತ್ತೆ," ಎಂದು ಗಂಡ ಹರಿಪ್ರಸಾದ ನಕ್ಕಿದ್ದ. ಆದರೂ ಅಮ್ಮನ ಮಾತಿಗೇ ತಲೆಯಾಡಿಸಿದ್ದ. ಬೆಳಿಗ್ಗೆ ಮೈಸೂರಿನವರನ್ನೆಲ್ಲ ವಿಡಿಯೊ ಕಾಲ್‌ನಲ್ಲಿ ಕೂರಿಸಿಬಿಡೋಣ ಎಂದಿದ್ದ.

"ಇಟ್ಸ್ ಫೈನ್," ಎಂದು ಯಶವಂತ ಮೇಲೆ ಹೋಗಿದ್ದ.

ಮೈಥಿಲಿ ಬಾಯಿ ಬಿಟ್ಟಿರಲಿಲ್ಲ. ಈಗ ಚುಚ್ಚುತ್ತಿದ್ದದ್ದು ಅದೇ. ಪ್ರತಿ ಚಳಿಗಾಲ ಕನ್ನಡ ಕೂಟದ ತಂದೆ-ತಾಯಂದಿರನ್ನು ಹತ್ತಿರದ ರೆಸ್ಟನ್ ಊರಿನ ಲೈಬ್ರರಿಯಲ್ಲಿ ಕೂರಿಸಿಕೊಂಡು, ಕಾಲೇಜಿನ ಫಲಿತಾಂಶ ಬಂದಾಗ ಹೇಗಿರಬೇಕೆಂದು ಹೇಳಿಕೊಡುತ್ತಿದ್ದವಳು ಅವಳೇ. ಮಕ್ಕಳು ಮೊದಲು ತಾವೊಬ್ಬರೇ ನೋಡಲಿ, ಸುತ್ತ ಜನ ಬೇಡ, ಕ್ಯಾಮೆರಾ ಬೇಡ. ಸಿಗದಿದ್ದರೆ ಹೀಗೆ ಹೇಳಿ: ಅವರು ನಿನ್ನನ್ನು ಬೇಡ ಅಂದಿಲ್ಲ, ಅವರ ಹತ್ತಿರ ಜಾಗ ಇಲ್ಲ, ಅಷ್ಟೆ.

ಬರಿಗಾಲಲ್ಲಿ ಹೋಗಿ ಮಗನ ಕೋಣೆಯ ಮುಂದೆ ನಿಂತಳು. ಬಾಗಿಲ ಕೆಳಗೆ ಬೆಳಕಿತ್ತು. ಸೀಟು ಸಿಕ್ಕಿದ್ದರೆ ಅವನು ಅಜ್ಜಿಯನ್ನೂ ಎಬ್ಬಿಸಿ ಕುಣಿಸುತ್ತಿದ್ದ. ಒಳಗಿಂದ ಕೇಳಿದ್ದು ಮೂಗೆಳೆದುಕೊಂಡ ಸದ್ದು. ಆಮೇಲೆ ತಗ್ಗಿದ ದನಿ. ಏನನ್ನೋ ಕನ್ನಡದಲ್ಲಿ ಹೇಳಿ ನೋಡಿಕೊಳ್ಳುತ್ತಿದ್ದ. ತಪ್ಪುತ್ತಿದ್ದ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಅವಳು ಇಳಿಸಿದಳು.

ಬೆಳಿಗ್ಗೆ ಎಲ್ಲರ ಅಂಗೈಗೂ ಬೇವು-ಬೆಲ್ಲ ಬಿತ್ತು. ಹರಿಪ್ರಸಾದ ಸಕ್ಕರೆ ಡಬ್ಬಿಗೆ ಫೋನನ್ನು ಆನಿಸಿ ನಿಲ್ಲಿಸುತ್ತಿದ್ದ.

"ಫೋನ್ ಬೇಡ ಕಣ್ರೀ."

"ಅಲ್ಲ ಕಣೇ, ಅಲ್ಲಿ ಎಲ್ಲಾ ಕಾಯ್ತಿದಾರೆ."

"ಕಾಯ್ಲಿ."

ಮೈಥಿಲಿ ಫೋನನ್ನು ಎತ್ತಿ ತನ್ನ ಮಡಿಲಲ್ಲಿ ಮಗುಚಿಟ್ಟುಕೊಂಡಳು. ಅತ್ತೆ ಹುಬ್ಬೇರಿಸಿದರು. ಯಶವಂತ ಒಮ್ಮೆ ಅಮ್ಮನ ಮುಖ ನೋಡಿ ಕಣ್ಣು ತಗ್ಗಿಸಿದ.

ಅವನು ಲ್ಯಾಪ್‌ಟಾಪ್ ತೆರೆದ. ಮೊದಲ ಸಲ ಓದುವವನ ಹಾಗೆ ನಿಧಾನವಾಗಿ ಓದಿದ. "ಓ," ಎಂದ. ಆಮೇಲೆ ಅಜ್ಜಿಯ ಕೈ ಹಿಡಿದುಕೊಂಡ.

"ಅಜ್ಜಿ, ಅವ್ರು ನನ್ನ ಬೇಡ ಅಂದಿಲ್ಲ. ಅವ್ರ ಹತ್ರ ಜಾಗ ಇಲ್ಲ, ಅಷ್ಟೆ. ಓಕೆ?"

ಒಂದು ಅಕ್ಷರವೂ ತಪ್ಪಲಿಲ್ಲ.

ಶಾಂತಾಬಾಯಿಯ ಕಣ್ಣು ತುಂಬಿತು. "ಅಯ್ಯೋ ಕಂದ, ನಿನ್ನೇನೇ ನೋಡಿದ್ದಿದ್ರೆ ಅಮಾವಾಸ್ಯೆನಾದ್ರೂ ಬೈಕೋಬಹುದಿತ್ತು. ಈಗ ಯಾರನ್ನ ಬೈಯ್ಲಿ?"

ಅವನು ನಕ್ಕ. ನಗು ಕೊನೆಯಲ್ಲಿ ಸ್ವಲ್ಪ ಒಡೆಯಿತು. ಹರಿಪ್ರಸಾದ ಅವನ ಹೆಗಲ ಮೇಲೆ ಕೈಯಿಟ್ಟ.

ಆಮೇಲೆ ಅಡುಗೆಮನೆಗೆ ಬಂದ ಗಂಡ ಮೆಲ್ಲಗೆ ಹೇಳಿದ: "ನೋಡಿದ್ಯಾ ಅವ್ನನ್ನ? ಗೊತ್ತಾದ ತಕ್ಷಣ ನಮ್ಮಮ್ಮಂಗೇ ಸಮಾಧಾನ ಮಾಡ್ತಾನಲ್ಲೇ! ಎಲ್ಲಿಂದ ಬಂತು ಅಷ್ಟು ಧೈರ್ಯ?"

ಬಟ್ಟಲು ತೊಳೆಯುತ್ತಿದ್ದ ಮೈಥಿಲಿಯ ಕೈ ನಿಂತಿತು. ಮಾತು ಬಾಯಿಗೆ ಬಂದಿತ್ತು. ಆ ಧೈರ್ಯವನ್ನು ಹುಡುಗ ಇವರೆಲ್ಲರಿಗೋಸ್ಕರ ರಾತ್ರಿಯಿಡೀ ಕೂತು ಕಟ್ಟಿದ್ದ. ಅದನ್ನು ಬಿಡಿಸಿ ತೋರಿಸುವ ಹಕ್ಕು ತನಗಿಲ್ಲ ಎನಿಸಿತು.

"ಹೂಂ," ಎಂದಳು.

ಗಂಡನಿಗಿರಲಿ, ಅತ್ತೆಗಿರಲಿ, ಬಾಗಿಲಾಚೆ ತಾನು ನಿಂತಿದ್ದನ್ನು ಯಶವಂತನಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ನಲ್ಲಿ ತಿರುಗಿಸಿದಳು.