ಮಲೀಕಸಾಬನ ಗುಡಿಯ ಕೈಗುರುತು

ದೇವರು ಖಾಲಿ ಮಾಡಿದ ಗುಡಿಗಳಲ್ಲಿ ಸಂಸಾರಗಳು ಬಂದು ಸೇರಿಕೊಂಡ ಕಾಲವೊಂದು ಐಹೊಳೆಯಲ್ಲಿತ್ತು. ಯಾರು ಒಲೆ ಹೂಡಿದರೋ ಅವರ ಹೆಸರೇ ಗುಡಿಗೆ. ಹೀಗೆ ನಂದಿ ಕೂತಿದ್ದ ಗುಡಿಯೊಂದು ಊರವರ ಬಾಯಲ್ಲಿ ಮಲೀಕಸಾಬನ ಗುಡಿಯಾಯಿತು. ಅದಕ್ಕೆ ಯಾರದೂ ತಕರಾರಿರಲಿಲ್ಲ, ನಂದಿಯದಂತೂ ಇರಲೇ ಇಲ್ಲ.

ಮಲೀಕಸಾಬನ ಹೆಂಡತಿ ಕಾಸಿಂಬಿ ಆ ಗುಡಿಗೇ ಮದುಮಗಳಾಗಿ ಬಂದವಳು, ಅಲ್ಲೇ ಮುಕ್ತಾರನನ್ನು ಹೆತ್ತವಳು. ಐದು ವರ್ಷದ ಹುಡುಗ ಜ್ವರ ಬಂದು, ಹುನಗುಂದದ ದವಾಖಾನೆ ಮುಟ್ಟುವ ಮೊದಲೇ ಅವಳ ತೊಡೆಯ ಮೇಲೆ ತಣ್ಣಗಾದ. ಮರುವರ್ಷ ಸರಕಾರದವರು ಗುಡಿ ಬಿಡಿಸಿದರು. ಗಂಡ ಹೆಂಡತಿ ಇಳಕಲ್ಲಿಗೆ ಹೋದರು. ಹುಡುಗನದೊಂದು ಫೋಟೋ ಕೂಡ ಇಲ್ಲ. ಇದ್ದದ್ದು ಒಂದೇ, ಕಾಸಿಂಬಿ ಒಳಗೋಡೆಗೆ ಗಾರೆ ಮೆತ್ತುತ್ತಿದ್ದಾಗ ಹಸಿ ಗಾರೆಯ ಮೇಲೆ ಅವನು ಒತ್ತಿದ ಕೈ. ಮಾಡಿದ ಕೆಲಸ ಕೆಡಿಸಿದನೆಂದು ಅವಳು ಅವನ ಬೆನ್ನಿಗೆ ಎರಡು ಬಾರಿಸಿದ್ದಳು. ಆ ಎರಡು ಏಟು ನಲವತ್ತು ವರ್ಷದಿಂದ ಅವಳನ್ನೇ ಬಡಿಯುತ್ತಿವೆ.

ಮೊಣಕಾಲು ಪೂರ್ತಿ ಸೋಲುವ ಮೊದಲು ಒಂದು ಸಲ ಆ ಕೈ ಮುಟ್ಟಬೇಕೆಂದು, ಇಳಕಲ್ಲಿನಲ್ಲಿ ಹುಟ್ಟಿದ ಮಗಳ ಮಗಳು ಮುಬಶೀರಾಳನ್ನು ಕಟ್ಟಿಕೊಂಡು ಈಗ ಬಂದಿದ್ದಳು. ತನ್ನ ಮನೆಗೆ ತಾನೇ ಟಿಕೀಟು ತೆಗೆಸಿ ಒಳಗೆ ಹೋದಳು.

ಒಲೆಯ ಹೊಗೆ, ಸುಣ್ಣ, ಬಟ್ಟೆಯ ಗೂಟ ಎಲ್ಲ ಮಾಯವಾಗಿ ಗೋಡೆ ಬೋಳಾಗಿತ್ತು. ಆದರೆ ಮೂಲೆಯಲ್ಲಿ, ಅಡ್ಡ ಕಟ್ಟಿದ ಹಗ್ಗದ ಆಚೆ, ಮೊರದಗಲ ಗಾರೆ ಉಳಿದಿತ್ತು. ಅದರ ನಡುವೆ ಐದು ಪುಟ್ಟ ಬೆರಳು. ಅಲ್ಲಿ ನಿಂತು ಗೈಡ್ ರಾಚಪ್ಪ ಬೆಳಗಾವಿಯಿಂದ ಬಂದ ಪ್ರವಾಸಿಗರಿಗೆ ಹೇಳುತ್ತಿದ್ದ.

"ಇದು ಗುಡಿ ಕಟ್ಟಿದ ಶಿಲ್ಪಿ ಮಗನ ಕೈ ನೋಡ್ರಿ. ಸಾವಿರದ ಮುನ್ನೂರು ವರ್ಷ ಆತು. ನಡುವ ಇಲ್ಲಿ ಮನಿ ಮಾಡಿದ್ದ ಮಂದಿ ಬಡದ ಗಾರಿ ಎಲ್ಲಾ ಕೆರದು ತಗದಾರ. ಇದೊಂದು ಹಳೇದಂತ ಬಿಟ್ಟಾರ."

"ಯಾವ ಶಿಲ್ಪಿ ಮಗ ರೀ? ಅದು ನಮ್ಮ..." ಎಂದು ಮುಬಶೀರಾ ಬಾಯಿ ತೆಗೆದಳು.

ಕಾಸಿಂಬಿ ಅವಳ ರಟ್ಟೆ ಚಿವುಟಿದಳು. ಅಕ್ಷರ ಕಲಿಯದಿದ್ದರೂ 'ಹಳೇದಂತ ಬಿಟ್ಟಾರ' ಎಂಬ ಮಾತು ಅವಳಿಗೆ ಪೂರ್ತಿ ಅರ್ಥವಾಗಿತ್ತು. ತನ್ನ ಮಗನೆಂದರೆ ನಾಳೆಯೇ ಉಳಿ ಹಿಡಿದು ಯಾರೋ ಬರುತ್ತಾರೆ. ಶಿಲ್ಪಿಯ ಮಗನಾದರೆ ಮುಕ್ತಾರ ಉಳಿಯುತ್ತಾನೆ.

"ಯಾಕ್ರಿ ಅಮ್ಮಾರ, ಈ ಗುಡಿ ನಿಮಗ ಗೊತ್ತೈತೇನ್ರಿ?" ಎಂದ ರಾಚಪ್ಪ.

"ಹಿಂದಕ ನಾವು ಇಲ್ಲೇ ಇದ್ದಿವಪ್ಪಾ."

"ಹಂಗಾರ ನೀವ ಹೇಳ್ರಿ ಇವರಿಗೆ. ಆವಾಗನೂ ಈ ಕೈ ಇತ್ತಿಲ್ಲೋ?"

ಪ್ರವಾಸಿಗರ ಫೋನುಗಳೆಲ್ಲ ಅವಳ ಕಡೆ ತಿರುಗಿದವು. ಸುಳ್ಳು ಹೇಳುವುದು ಅವಳಿಗೆ ಹೊಸದೇನಲ್ಲ, ಆದರೆ ಇಂಥ ಸುಳ್ಳು ಯಾವ ತಾಯಿಯೂ ಹೇಳಬಾರದು.

"ಇತ್ತು," ಎಂದಳು. "ನಾ ಮದವಿ ಆಗಿ ಬರೂಕಿಂತ ಮೊದಲಿಂದ ಇತ್ತು."

"ಕೇಳಿದ್ರಲ್ಲಾ?" ರಾಚಪ್ಪ ಪ್ರವಾಸಿಗರ ಕಡೆ ನೋಡಿ ಹಿಗ್ಗಿದ. ಅಷ್ಟರಲ್ಲಿ ಮುದುಕಿಯ ಕೈ ತಾನಾಗಿಯೇ ಹಗ್ಗ ದಾಟಿತ್ತು. "ಮುಟ್ಟಬ್ಯಾಡ್ರಿ ಅಮ್ಮಾರ, ಈಚಿ ನಿಲ್ರಿ. ಯಾರ ಕೂಸಿಂದೋ ಏನೋ, ಭಾಳ ಪುಣ್ಯವಂತಂದು."

ಕಾಸಿಂಬಿ ಕೈ ಹಿಂದಕ್ಕೆ ತೆಗೆದು ಸೆರಗಿನೊಳಗೆ ಮುಚ್ಚಿಕೊಂಡಳು.

"ಯಾರದೋ," ಎಂದಳು. "ನಮಗೇನ ಗೊತ್ತಪ್ಪಾ."