ಮುಖ ಮುಟ್ಟಿದ ಗ್ಲೌಸು

ಹದಿನಾರು ವರ್ಷಗಳಿಂದ ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ಕ್ಯಾನ್ಸರ್ ಗಡ್ಡೆಯ ಚೂರುಗಳಿಂದ ಆರ್‌ಎನ್‌ಎ ತೆಗೆಯುತ್ತಿದ್ದಳು. ಹೊಸಬರಿಗೆ ಅವಳ ಮೊದಲ ಪಾಠ ಒಂದೇ: “ಮುಖ ಮುಟ್ಟಿದ್ಮೇಲೆ ಅದು ಗ್ಲೌಸಲ್ಲ, ಹೊಲಸು. ಬಿಚ್ಚಿ ಬಿಸಾಕಿ.” ಬೆವರು, ಎಂಜಲು, ಕಣ್ಣೀರು, ಯಾವುದು ತಾಗಿದರೂ ಆರ್‌ಎನ್‌ಎ ನುಚ್ಚುನೂರು.

ಆರ್‌ಎನ್‌ಎ ಎಂದರೆ ಜೀವಕೋಶದೊಳಗಿನ ಓಲೆ. ಹೇಳುವುದು ಮುಗಿದ ಮೇಲೆ ಹರಿದುಹೋಗಬೇಕು. ಭಗವಂತನ ಏರ್ಪಾಡೇ ಹಾಗೆ. ಓಲೆಯನ್ನು ಅಪ್ಪಿ ಹಿಡಿಯುವ ಪ್ರೋಟೀನುಗಳೂ ಇವೆ. ಅವುಗಳಲ್ಲೊಂದು ಮಿತಿಮೀರಿದರೆ ‘ಬೆಳೆ’ ಎಂಬ ಓಲೆ ಹರಿಯುವುದೇ ಇಲ್ಲ, ಕೋಶ ಬೆಳೆಯುತ್ತಲೇ ಹೋಗುತ್ತದೆ. ತಂಗಿಯ ಲಿವರಿನಲ್ಲಿ ಆಗಿರುವುದು ಅದೇ ಎಂದು ಡಾಕ್ಟರಿಗೆ ಅನುಮಾನ. ಆ ಪ್ರೋಟೀನಿನ ಹಿಡಿತ ಬಿಡಿಸುವ ಔಷಧಿಯೊಂದು ಪ್ರಯೋಗದಲ್ಲಿತ್ತು. ಆರ್‌ಎನ್‌ಎ ಪರೀಕ್ಷೆಯಲ್ಲಿ ರುಜುವಾತಾದರೆ ಮಾತ್ರ ಅವಳಿಗೆ ಜಾಗ, ಶುಕ್ರವಾರವೇ ಗಡುವು.

“ನಿಮ್ಮ ಮನೆಯವರದ್ದು ನೀವು ಮಾಡ್ಬೇಡಿ,” ಎಂದರು ಲ್ಯಾಬಿನ ಮೇಡಂ.

“ಕಂಡೋರ ಕೈಗೆ ಕೊಡ್ಲಾ? ಅವಳಿಗೆ ಜಡೆ ಹಾಕಿ ಬೆಳೆಸಿದ ಕೈ ಮೇಡಂ ಇದು.”

ಐಸಿನಲ್ಲಿ ಬಂದ ಚೂರು ಅಕ್ಕಿಕಾಳಿನಷ್ಟಿತ್ತು. ಚೀಟಿಯ ಮೇಲೆ ವಯಸ್ಸು: ಮೂವತ್ತೊಂದು. ಅಕ್ಕನ ಕಣ್ಣು ಮಸುಕಾಯಿತು. ಕ್ಷಣ ನಿಂತು, ದೇವರನ್ನು ನೆನೆದು, ಕೆಲಸ ಮುಂದುವರಿಸಿದಳು.

ಆರ್‌ಎನ್‌ಎ ಹಾಳಾಗದೆ ಉಳಿದಿದ್ದರೆ ಮಧ್ಯಾಹ್ನ ಯಂತ್ರದ ಪರದೆಯ ಮೇಲೆ ಎರಡು ಶಿಖರಗಳು ಏಳಬೇಕಿತ್ತು; ಅಲ್ಲಿ ಬರಿಯ ಬಯಲು. ಅಕ್ಕ ಕಸದ ಡಬ್ಬಿ ತೆರೆದಳು. ಬೆಳಗ್ಗೆ ಬಿಚ್ಚೆಸೆದ ಗ್ಲೌಸಿನ ಬೆರಳಗಂಟಿನ ಮೇಲೆ ಕಾಡಿಗೆಯ ಗೆರೆಯೊಂದಿತ್ತು. ಕಣ್ಣೊರೆಸಿಕೊಂಡದ್ದು ಅವಳಿಗೆ ನೆನಪೇ ಇರಲಿಲ್ಲ.

ಸರ್ಜನ್ ಫೋನಿನಲ್ಲಿ ಖಡಾಖಂಡಿತ: “ಮೊದಲ ಸಲವೇ ರಕ್ತ ನಿಲ್ಲಿಸೋಕೆ ಸಾಕುಸಾಕಾಯ್ತು. ಚೂರು ತೆಗೆಯೋಕೆ ಇನ್ನೊಂದು ಸಲ ಸೂಜಿ ಹಾಕಲ್ಲ.”

ಮೇಡಂ ದನಿ ತಗ್ಗಿಸಿದರು. “ಚೂರೇ ಸರಿಯಿರ್ಲಿಲ್ಲ ಅಂತ ಬರೀಲಾ?”

“ಬೇಡ. ನನ್ನ ಕೈಯಲ್ಲೇ ಕೆಟ್ಟಿತು ಅಂತ ಬರೀರಿ.”

ವಾರ್ಡಿನಲ್ಲಿ ತಂಗಿ ದಿಂಬಿಗೊರಗಿ ಕುಳಿತಿದ್ದಳು. “ಏನಕ್ಕಾ, ನನ್ನ ಚೂರಾದ್ರೂ ನಿನ್ನ ಮಾತು ಕೇಳ್ತಾ? ನಾನಂತೂ ಯಾವತ್ತೂ ಕೇಳ್ಲಿಲ್ಲ.”

ಅಕ್ಕ ಒಂದನ್ನೂ ಮುಚ್ಚಿಡದೆ ಹೇಳಿದಳು. ಗ್ಲೌಸಿನ ಗೆರೆಯನ್ನೂ ಬಿಡಲಿಲ್ಲ.

ತಂಗಿ ದಿಂಬಿನಿಂದ ಬೆನ್ನೆತ್ತಿದಳು. “ಹದಿನಾರು ವರ್ಷ ಯಾರ ಗಡ್ಡೆ ಮುಂದೇನೂ ಒಂದು ಹನಿ ಹಾಕಿದೋಳಲ್ಲ ನೀನು. ಕಲ್ಲು ಅಂತ ಅತ್ತಿಗೆ ಆಡ್ಕೊಳ್ತಿದ್ರೆ ನಾನು ಜಗಳ ಆಡ್ತಿದ್ದೆ. ಇನ್ನೊಂದು ದಿನ ಕಲ್ಲಾಗೇ ಇರೋಕೆ ಏನಾಗಿತ್ತೇ ನಿಂಗೆ?”

ಹೊದಿಕೆ ಜಾರಿತ್ತು. ಸರಿಪಡಿಸಲು ಅಕ್ಕ ಕೈ ಚಾಚಿದಳು.

“ಮುಟ್ಬೇಡ,” ಎಂದು ತಂಗಿ ಗೋಡೆಯ ಕಡೆ ಹೊರಳಿದಳು.

ಅಕ್ಕ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ದಾದಿ ಬಂದು ಎಬ್ಬಿಸುವವರೆಗೂ ಅಲ್ಲೇ ಕುಳಿತಿದ್ದಳು.