ಶನಿವಾರದ ಸಹಿ

ರಸ್ತೆ ಅಗಲ ಮಾಡಲು ಅಳತೆ ಹಿಡಿದ ಸರ್ವೇಯರ್ ಗಾವಂಡ್ ಬಂದದ್ದು ಶನಿವಾರ ಸಂಜೆ ಐದಕ್ಕೆ. ಬೇರೆ ಯಾವ ದಿನ ಬಂದಿದ್ದರೂ ಶಿಪೋರಾಬಾಯಿ ಝಿರಾಡ್ಕರ್ ಪೆನ್ನು ಕಿತ್ತುಕೊಂಡು ಸಹಿ ಹಾಕುತ್ತಿದ್ದಳು. ಶನಿವಾರ ಸಬ್ಬತ್ತು, ಯಾವ ಕೆಲಸವೂ ಕೂಡದ ದಿನ; ಅಂದು ಅವಳು ಬರೆಯುವುದಿಲ್ಲ. ಆ ಕೊಂಕಣದ ಹಳ್ಳಿಯಲ್ಲಿ ಉಳಿದಿದ್ದ ಕೊನೆಯ ಯಹೂದಿ ಮನೆ ಅವಳದು.

ಆರು ವರ್ಷದ ಹಿಂದೆ ಮುಂಬೈಯ ದಾನಿಗಳು ಊರಿನ ಯಹೂದಿ ಸ್ಮಶಾನಕ್ಕೆ ಗೋಡೆ ಕಟ್ಟಿಸಿದ್ದರು. ಹೀಬ್ರೂ ಅಕ್ಷರವಿದ್ದ ಗೋರಿಗಳೆಲ್ಲ ಒಳಗಾದವು. ಅಕ್ಷರವಿಲ್ಲದ ಹನ್ನೊಂದು ಕಲ್ಲುಗಳನ್ನು ಬರೀ ಬಂಡೆಗಳೆಂದು ಹೊರಗೆ ಬಿಟ್ಟರು. ಈಗ ರಸ್ತೆಯ ಸುಣ್ಣದ ಗೆರೆ ಸರಿಯಾಗಿ ಅವುಗಳ ಮೇಲೆಯೇ ಹಾದಿತ್ತು.

“ಆಜಿ, ತಕರಾರಿದ್ರೆ ಪಂಚನಾಮೆಗೆ ಇಲ್ಲೇ ಸಹಿ ಹಾಕಿ. ಇಲ್ಲಾಂದ್ರೆ ‘ಖಾಲಿ ಜಾಗ’ ಅಂತ ಬರೀತೀನಿ. ನಾಳೆ ಭಾನುವಾರ ಆದ್ರೂ ಬೆಳಗ್ಗೆ ಕಾಗದ ಒಪ್ಪಿಸ್ಬೇಕು, ಸೋಮವಾರ ಜೆಸಿಬಿ ಬರುತ್ತೆ.”

“ಮೂರು ನಕ್ಷತ್ರ ಕಂಡ್ರೆ ಸಬ್ಬತ್ತು ಮುಗೀತು, ಆಗ ಹಾಕ್ತೀನಿ.”

“ನನ್ನ ಕೊನೇ ಬಸ್ಸು ಆರೂವರೆಗೆ. ನಿಮ್ಮ ನಕ್ಷತ್ರ ಟೈಮಿಗೆ ಬರ್ತವಾ?”

“ನಿಮ್ಮ ಬಸ್ಸಿಗಿಂತ ವಾಸಿ.”

ಗಾವಂಡ್ ನಗಲಿಲ್ಲ. “ಇವು ಗೋರಿ ಅನ್ನೋಕೆ ಆಧಾರ? ಒಂದನ್ನ ಅಗೆದು ನೋಡೋಣ್ವಾ?”

“ಮಲಗಿದವರ ಮೈಮೇಲೆ ಹಾರೆ ಹಾಕ್ತೀರಾ?” ಎಂದು ಶಿಪೋರಾಬಾಯಿ ಅಡ್ಡ ನಿಂತಳು. “ಯಾವ ಕಲ್ಲು ಬೇಕಾದ್ರೂ ಕೇಳಿ. ಬರೀರಿ ಅಂತ ನಾನು ಹೇಳಲ್ಲ, ಇವತ್ತು ಬೇರೆಯವರಿಂದ ಬರೆಸೋದೂ ಕೂಡದು. ಹೆಸರು ಹೇಳ್ತೀನಷ್ಟೆ.”

ಅವನು ಅಳತೆಪಟ್ಟಿಯಿಂದ ಅಲ್ಲೊಂದು ಇಲ್ಲೊಂದು ತೋರಿಸಿದ.

“ಗಾಣದ ಹಸಾಜಿ. ಅದು ಅವನ ತಂಗಿ ರಾಹೆಲ್. ಅದು ಮುಸಾಜಿ, ಸಿಡುಬಿನ ವರ್ಷ ಹೋದವನು.”

ಗಾವಂಡ್ ಬರೆದುಕೊಂಡ. ತೋರಿಸಿದ್ದನ್ನೇ ತಿರುಗಿ ಕೇಳಿದ. ಉತ್ತರ ಬದಲಾಗಲಿಲ್ಲ. ಕೊನೆಗೆ ಮೊಳದುದ್ದದ ಒಂದು ಕಲ್ಲು ತೋರಿಸಿದಾಗ ಅವಳು ಸುಮ್ಮನಾದಳು.

“ಸಿಕ್ಕಿಬಿದ್ರಿ ಆಜಿ.”

“ಅವನಿಗೆ ಹೆಸರಿಲ್ಲ. ಗಂಡುಮಗುವಿಗೆ ನಾವು ಹೆಸರಿಡೋದು ಎಂಟನೇ ದಿನ. ಅವನು ಐದನೇ ದಿನಾನೇ ಹೋದ.”

“ಯಾರ ಮಗು?”

ಅವಳು ಪಕ್ಕದಲ್ಲಿ ಕೂತು ಕಲ್ಲಿನ ಮೇಲಿನ ಹುಲ್ಲು ಸರಿಸಿದಳು. ಗಾವಂಡ್ ಮತ್ತೆ ಕೇಳಲಿಲ್ಲ. ಪಟ್ಟಿಯ ಆ ಸಾಲಿನಲ್ಲಿ ಹೆಸರು, ಮನೆತನ ಎರಡನ್ನೂ ಖಾಲಿ ಬಿಟ್ಟ.

ಹೊತ್ತು ಮುಳುಗಿತು. ಕಡಲ ಮೇಲೆ ಒಂದು ನಕ್ಷತ್ರ ಕಂಡಿತು, ಹುಣಸೆಮರದ ಮೇಲೆ ಇನ್ನೊಂದು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. ಗಾವಂಡ್ ಚೀಲ ಹೆಗಲಿಗೇರಿಸಿದ. ನಿಲ್ಲಿ ಎಂದು ಅವಳು ಕೇಳಲಿಲ್ಲ. ಕಲ್ಲಿನ ಪಕ್ಕದಿಂದ ಏಳಲೂ ಇಲ್ಲ.

“ಸಾಹೇಬ್ರೆ, ಬರ್ತೀರೋ ಇಲ್ವೋ?” ಕಂಡಕ್ಟರ್ ಕೂಗಿದ.

ಗಾವಂಡ್ ಬಸ್ಸಿನ ಕಡೆ ನೋಡಿದ, ಆಕಾಶ ನೋಡಿದ. ಹೋಗು ಎಂದು ಕೈಬೀಸಿದ.

“ಲಾರಿ ಹಿಡೀತೀನಿ. ಅಗೋ, ಮೂರನೇದು!”

“ಅದು ಮೊಬೈಲ್ ಟವರಿನ ದೀಪ.”

ಇನ್ನೂ ಹತ್ತು ನಿಮಿಷ ಕಾದರು. ಮೂರನೆಯದು ಗೋಡೆಯ ಮೇಲ್ಗಡೆ ಮೂಡಿತು. ಶಿಪೋರಾಬಾಯಿ ಪೆನ್ನಿಗೆ ಕೈ ಚಾಚಿದಳು. ತಕರಾರಿನ ಕೆಳಗೆ ಸಹಿ ಹಾಕಿ, ಹಾಳೆ ತಿರುವಿ, ಅವನು ಬಿಟ್ಟಿದ್ದ ಖಾಲಿ ಸಾಲಿಗೆ ಬಂದಳು. ಹೆಸರಿನ ಜಾಗವನ್ನು ಹಾಗೇ ಬಿಟ್ಟು, ಮನೆತನದ ಜಾಗದಲ್ಲಿ ನಿಧಾನವಾಗಿ ಬರೆದಳು: ಝಿರಾಡ್ಕರ್.